ಇಫ್ತಾರ್‌ಗೆ, ರಂಜಾನ್ ಹಬ್ಬಕ್ಕೆ ಕರೆದರೆ: ಹೋಗಿ ಬರುವವರಿಗೊಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೋದಾಗ ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ.

ದಾವಣಗೆರೆಯಲ್ಲಿ ನಮ್ಮದು ಲಿಂಗಾಯತರ ಮನೆ. ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಹಿಂದಿನ ಬೀದಿಯ ಮುಸ್ಲಿಂ ಮನೆಯವರು ಇಫ್ತಾರ್‌ಗೆ, ಅಂದರೆ ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಊಟಕ್ಕೆ ಕರೆದರು, ಖುಷಿಯಿಂದ ಹೋದೆವು. ಊಟದ ಮಾತು ಯಾರೂ ಎತ್ತಿರಲಿಲ್ಲ. ಅವರೇ ಕೇಳುತ್ತಾರೆ ಅಂತ ನಾವು, ಇವರೇ ಹೇಳುತ್ತಾರೆ ಅಂತ ಅವರು. ಚಾಪೆ ಮೇಲೆ ಕೂತಾದ ಮೇಲೆ ಆ ಮನೆಯ ಆಪಾ (ಅಕ್ಕನಿಗೆ ಅವರು ಹೇಳುವುದು ಹಾಗೆ), “ಬಿರಿಯಾನಿ ದಮ್‌ಗೆ ಹಾಕೀನಿ, ನಮಾಜ್ ಆಗ್ತಿದ್ದಂಗೆ ಉಣ್ಣೋಣ” ಅಂದರು. ಆಗ ನಮ್ಮತ್ತೆ ಮೆಲ್ಲಗೆ ಬಾಯಿ ಬಿಟ್ಟರು: “ನಾವು ಅದೆಲ್ಲ ಉಣ್ಣಂಗಿಲ್ಲ ಕಣವ್ವ.”

ಸೂರ್ಯ ಮುಳುಗಲು ಇನ್ನು ಹದಿನೈದು ನಿಮಿಷ. ಆಪಾ ಮುಖ ಸಪ್ಪಗಾಯಿತು. ಒಳಗೆ ಹೋಗಿ ಮಗನಿಗೆ ಏನೋ ಹೇಳಿದರು. ಪಿಯುಸಿ ಓದುವ ಹುಡುಗ, ಬೆಳಗಿನ ಜಾವದಿಂದ ಒಂದು ಹನಿ ನೀರು ಕುಡಿದಿಲ್ಲ, ಬೈಕ್ ಹತ್ತಿ ನಮಗೆ ಬೆಣ್ಣೆ ದೋಸೆ ತರಲು ಹೊರಟ. ಬೇಡ ಬೇಡ ಅನ್ನುವಷ್ಟರಲ್ಲಿ ಗೇಟು ದಾಟಿದ್ದ. ಮಸೀದಿಯಿಂದ ನಮಾಜ್‌ನ ಕರೆ, ಆಜಾನ್ ಆಯಿತು, ಎಲ್ಲರೂ ಖರ್ಜೂರ ಬಾಯಿಗಿಟ್ಟರು. ಅವನು ಬಂದಿರಲಿಲ್ಲ. ಹೋಟೆಲ್ ಮುಂದೆ ಪಾರ್ಸಲ್‌ಗೆ ಕಾಯುತ್ತಾ ನಿಂತಲ್ಲೇ ಒಂದು ಲೋಟ ನೀರು ಕುಡಿದು ರೋಜಾ (ಉಪವಾಸ) ಬಿಟ್ಟನಂತೆ. ದೋಸೆ ಬಿಸಿಯಾಗಿಯೇ ಇತ್ತು. ಬೆಣ್ಣೆ ಎಲೆ ದಾಟಿ ಪೇಪರ್‌ಗೆ ಇಳಿದಿತ್ತು. ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹತ್ತು ವರ್ಷದ ಮೇಲಾಯಿತು, ಈಗಲೂ ಆ ಮನೆಗೆ ಹೋಗಿ ಬರುತ್ತೇವೆ. ಮೊದಲ ಸಲ ಕರೆ ಬಂದವರಿಗೆ ಅಂತ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಒಂದು ಮಾತು: ನಮ್ಮಲ್ಲಿ ಹೇಗೆ ಮನೆಗೊಂದು ಪದ್ಧತಿ ಇದೆಯೋ ಅವರಲ್ಲೂ ಹಾಗೇ. ಒಂದು ಮನೆಯಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯಲೇಬೇಕು ಅಂತಿಲ್ಲ.

1. ಯಾವುದಕ್ಕೆ ಕರೆದಿದ್ದಾರೆ ಅಂತ ಸರಿಯಾಗಿ ಕೇಳಿಕೊಳ್ಳಿ

ತಿಂಗಳಿಗೂ ಹಬ್ಬಕ್ಕೂ ನಾವು ರಂಜಾನ್ ಅಂತಲೇ ಹೇಳುತ್ತೇವೆ. ಅವರಿಗೆ ರಂಜಾನ್ ಅಂದರೆ ಉಪವಾಸದ ತಿಂಗಳು. ಅದು ಮುಗಿದ ಮಾರನೇ ದಿನದ ಹಬ್ಬ ಈದುಲ್ ಫಿತ್ರ್. ಹಾಗಾಗಿ “ರಂಜಾನ್‌ಗೆ ಬನ್ನಿ” ಅಂದರೆ ತಿಂಗಳ ಮಧ್ಯೆ ಒಂದು ಸಂಜೆ ಇಫ್ತಾರ್‌ಗೋ, ಹಬ್ಬದ ದಿನವೋ ಅಂತ ಕೇಳಿ. ಎರಡಕ್ಕೂ ಹೋಗುವ ಹೊತ್ತು ಬೇರೆ, ಊಟ ಬೇರೆ, ಮನೆಯ ವಾತಾವರಣವೇ ಬೇರೆ.

ಅಕೀಕಾ ಅಂದರೆ ಮಗುವಿನ ಕಾರ್ಯ. ಹುಟ್ಟಿದ ಏಳನೇ ದಿನ ಮಾಡುವುದು ರೂಢಿ, ಆಗದಿದ್ದರೆ ಮುಂದಕ್ಕೂ ಹಾಕುತ್ತಾರೆ. ಮಗುವಿನ ತಲೆ ಬೋಳಿಸಿ ಆ ಕೂದಲಿನ ತೂಕದಷ್ಟು ಬೆಳ್ಳಿಯ ಬೆಲೆಯನ್ನು ದಾನ ಕೊಡುವುದು, ಕುರಿಯೋ ಮೇಕೆಯೋ ಕೊಯ್ದು ಊಟ ಹಾಕುವುದು ಅದರ ಕ್ರಮ. ನಮ್ಮ ತೊಟ್ಟಿಲ ಕಾರ್ಯಕ್ಕೆ ಹೋದ ಹಾಗೆ ಮಗುವಿಗೆ ಬಟ್ಟೆ ತಗೊಂಡು ಹೋದರೆ ಸಾಕು.

ಮೊಹರಂ ಮಾತ್ರ ಬೇರೆ. ಅದು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಮಡಿದ ನೆನಪು. ನಮ್ಮ ಕಡೆ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಸೇರಿ ಪಂಜಾ ಎತ್ತಿ ಕುಣಿಯುತ್ತಾರೆ ನಿಜ. ಆದರೂ ಪಕ್ಕದ ಮನೆಯವರಿಗೆ “ಮೊಹರಂ ಶುಭಾಶಯಗಳು” ಅಂತ ವಾಟ್ಸಾಪ್ ಕಳಿಸಬೇಡಿ. ನಾನು ಒಮ್ಮೆ ಕಳಿಸಿದ್ದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

2. ದಿನ ಗೊತ್ತಾಗುವುದು ಹಿಂದಿನ ರಾತ್ರಿ

“ಹಬ್ಬ ಸೋಮವಾರಾನಾ ಮಂಗಳವಾರಾನಾ, ಕರೆಕ್ಟಾಗಿ ಹೇಳಿ, ರಜೆ ಹಾಕಬೇಕು” ಅಂತ ವಾರದ ಮೊದಲೇ ಪೀಡಿಸಬೇಡಿ. ಅವರಿಗೂ ಗೊತ್ತಿರುವುದಿಲ್ಲ. ತಿಂಗಳು 29 ದಿನವೋ 30 ದಿನವೋ ಅನ್ನುವುದು ಚಂದ್ರ ಕಂಡ ಮೇಲೆ. 29ನೇ ರೋಜಾದ ಸಂಜೆ ಚಂದ್ರ ಕಂಡರೆ ನಾಳೆ ಹಬ್ಬ, ಇಲ್ಲದಿದ್ದರೆ ನಾಡಿದ್ದು. ಎರಡೂ ದಿನ ಬಿಡುವು ಇಟ್ಟುಕೊಳ್ಳಿ, ಅಷ್ಟೇ.

ಬರೀ ಚಾಂದ್ರಮಾನದ ಲೆಕ್ಕ, ಅಧಿಕ ಮಾಸ ಇಲ್ಲ. ಅವರ ವರ್ಷ ಸುಮಾರು 354 ದಿನ. ಅದಕ್ಕೇ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಏಪ್ರಿಲ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31.

2025 ನನಗೆ ಚೆನ್ನಾಗಿ ನೆನಪಿದೆ. ಮಾರ್ಚ್ 30ಕ್ಕೆ ನಮಗೆ ಉಗಾದಿ. ಉಗಾದಿ ಚಂದ್ರನನ್ನು ನೋಡೋದು ನಮಗೂ ಮುಖ್ಯ ಅಲ್ವಾ? ಅವತ್ತು ಸಂಜೆ ಮಹಡಿ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಂತಿದ್ದೆವು. ಹಿಂದಿನ ಬೀದಿಯ ಮಹಡಿ ಮೇಲೆ ಅವರೂ ಹಾಗೇ ನಿಂತಿದ್ದರು. ನಮ್ಮತ್ತೆಗೆ ಕಣ್ಣು ಮಂಜು. ಅಲ್ಲಿಂದ ಆಪಾ, “ಅಮ್ಮಾ, ಆ ನೀರಿನ ಟ್ಯಾಂಕ್ ಬಲಕ್ಕೆ ನೋಡ್ರಿ” ಅಂತ ಕೂಗಿ ತೋರಿಸಿದರು. ಉಗುರಿನ ಗೆರೆಯಷ್ಟು ಚಂದ್ರ. ನಮ್ಮತ್ತೆ ಕೈ ಮುಗಿದರು. ಆ ಕಡೆ ಮಕ್ಕಳು “ಚಾಂದ್ ಮುಬಾರಕ್” ಅಂತ ಕುಣಿದವು.

3. ಊಟದ ಮಾತು ಮೊದಲೇ ಆಡಿ

ಇಡೀ ಬರಹದಲ್ಲಿ ಇದೊಂದನ್ನೇ ಓದಿದರೂ ಸಾಕು.

ಕರೆ ಬಂದ ಕೂಡಲೇ, ಅದೇ ಫೋನಿನಲ್ಲಿ, ಸಂಕೋಚ ಇಲ್ಲದೆ ಹೇಳಿ: “ಖಂಡಿತ ಬರ್ತೀವಿ. ನಾವು ಮಾಂಸ, ಮೊಟ್ಟೆ ತಿನ್ನಲ್ಲ, ಅದೊಂದು ನೆನಪಿರಲಿ. ಜಾಸ್ತಿ ಏನೂ ಮಾಡಬೇಡಿ, ಹಣ್ಣು ಶರಬತ್ತು ಇದ್ದರೆ ಸಾಕು.” ಹೀಗೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಈ ಊರಲ್ಲಿ ಹುಟ್ಟಿ ಬೆಳೆದವರಿಗೆ ಲಿಂಗಾಯತರ, ಬ್ರಾಹ್ಮಣರ, ಜೈನರ ಊಟ ಹೇಗೆ ಅಂತ ಚೆನ್ನಾಗಿ ಗೊತ್ತು. ಎಷ್ಟೋ ಮನೆಗಳಲ್ಲಿ ಇಂಥ ನೆಂಟರಿಗೆ ಅಂತಲೇ ಬೇರೆ ಪಾತ್ರೆ ಇಟ್ಟಿರುತ್ತಾರೆ. ಕೆಲವರು ಅಡುಗೆಭಟ್ಟರನ್ನು ಕರೆಸಿ ಬೇರೆ ಒಲೆಯಲ್ಲೇ ಮಾಡಿಸುತ್ತಾರೆ. ಬೇಜಾರಾಗುವುದು ತಟ್ಟೆ ಮುಂದೆ ಬಂದ ಮೇಲೆ ಮುಖ ಸಿಂಡರಿಸಿದಾಗ.

ಇನ್ನು ಹೆಸರು ನೋಡಿ ಮೋಸ ಹೋಗುವ ಪದಾರ್ಥಗಳಿವೆ. ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ.

ಕುಷ್ಕಾ ಅಂದರೆ ಪೀಸ್ ಇಲ್ಲದ ಬಿರಿಯಾನಿ ಅನ್ನ. ಪೀಸ್ ಇಲ್ಲ ಅಂದ ಮಾತ್ರಕ್ಕೆ ಸಸ್ಯಾಹಾರ ಅಲ್ಲ. ಬಹಳ ಸಲ ಅದು ಮಾಂಸದ ರಸದಲ್ಲೇ ಬೆಂದಿರುತ್ತದೆ. ಬಗಾರಾ ಅನ್ನ ಸಾಮಾನ್ಯವಾಗಿ ನಿರಪಾಯ, ಎಣ್ಣೆಯಲ್ಲಿ ಈರುಳ್ಳಿ, ಪುದೀನ, ಚಕ್ಕೆ ಲವಂಗ ಹಾಕಿ ಮಾಡಿದ್ದು. ಆದರೆ ಅದರ ಜೊತೆ ಬರುವ ದಾಲ್ಚಾ ನೋಡಲು ನಮ್ಮ ಸೋರೆಕಾಯಿ ಸಾಂಬಾರಿನ ಹಾಗೇ ಇರುತ್ತದೆ. ಬೇಳೆ ಇದೆ, ಸೋರೆಕಾಯಿ ಇದೆ, ತಳದಲ್ಲಿ ಮಟನ್ನೂ ಇರುತ್ತದೆ. ಇಫ್ತಾರ್‌ನ ಗಂಜಿಯೂ ಅಷ್ಟೇ. ಗಂಜಿ ಅಂದ ಕೂಡಲೇ ಜ್ವರದವರ ಗಂಜಿ ನೆನಪಾಗಿ ಬಟ್ಟಲು ಎತ್ತಬೇಡಿ, ಖೀಮಾ (ಸಣ್ಣಗೆ ಕೊಚ್ಚಿದ ಮಾಂಸ) ಹಾಕಿ ಮಾಡುವವರು ಬಹಳ. ಹಲೀಮ್ ಅಂತೂ ಗೋಧಿ, ಬೇಳೆ, ಮಾಂಸ ಮೂರನ್ನೂ ಗುರುತು ಸಿಗದಷ್ಟು ಅರೆದು ಬೇಯಿಸಿದ್ದು. ಸಮೋಸಾ ಆಲೂದೋ ಖೀಮಾದೋ ಕೇಳಿ. ಸುಮ್ನೆ ಕೇಳಿ, ಅದರಲ್ಲೇನೂ ಅವಮಾನ ಇಲ್ಲ.

ಧೈರ್ಯವಾಗಿ ತಿನ್ನಬಹುದಾದ್ದು ಶೀರ್ ಖುರ್ಮಾ. ಪಾರ್ಸಿಯಲ್ಲಿ ಶೀರ್ ಅಂದರೆ ಹಾಲು, ಖುರ್ಮಾ ಅಂದರೆ ಖರ್ಜೂರ. ಜನರ ಬಾಯಲ್ಲಿ ಅದು ಸುರಕುಂಬ ಆಗಿದೆ. ತುಪ್ಪದಲ್ಲಿ ಹುರಿದ ಸಣ್ಣ ಶ್ಯಾವಿಗೆ, ಕಾಯಿಸಿ ಗಟ್ಟಿಯಾದ ಹಾಲು, ಖರ್ಜೂರ, ಬಾದಾಮಿ, ಪಿಸ್ತಾ, ಚಾರೋಳಿ. ನಮ್ಮ ಶ್ಯಾವಿಗೆ ಪಾಯಸದ ಶ್ರೀಮಂತ ಅಣ್ಣ ಅಂದುಕೊಳ್ಳಿ. ಎರಡನೇ ಬಟ್ಟಲು ಬೇಡ ಅನ್ನಬೇಡಿ, ಅದನ್ನು ಯಾರೂ ನಂಬುವುದಿಲ್ಲ.

ಕೆಲವರಿಗೆ ಪಾತ್ರೆಯ ವಿಷಯದಲ್ಲೂ ನೇಮ ಇರುತ್ತದೆ. ಮಾಂಸ ಮಾಡುವ ಮನೆಯಲ್ಲಿ ನೀರೂ ಕುಡಿಯದ ಹಿರಿಯರು ನಮ್ಮ ಬಳಗದಲ್ಲೂ ಇದ್ದಾರೆ. ಅವರನ್ನು ಬಲವಂತ ಮಾಡಿ ಕರೆದುಕೊಂಡು ಹೋಗಬೇಡಿ. ಹೋಗಿ ಏನೂ ಮುಟ್ಟದೆ ಕೂರುವುದಕ್ಕಿಂತ ಮನೆಯಲ್ಲೇ ಉಳಿಯುವುದು ಮೇಲು. ಇಡಿಯಾಗಿರುವ ಬಾಳೆಹಣ್ಣು, ಎಳನೀರು ನಡೆಯುತ್ತದೆ ಅನ್ನುವುದಾದರೆ ಅದನ್ನೇ ಮೊದಲು ಹೇಳಿ. ಅವರಿಗೂ ಹಲಾಲ್ ನೇಮ ಇದೆ, ನಮ್ಮ ನೇಮ ಅವರಿಗೆ ಅರ್ಥವಾಗುತ್ತದೆ.

4. ಏನು ಉಡಬೇಕು, ಏನು ಒಯ್ಯಬೇಕು

ಸೀರೆ, ಚೂಡಿದಾರ್, ಪ್ಯಾಂಟು ಶರ್ಟು, ಪಂಚೆ ಎಲ್ಲ ಸರಿ. ಗಂಡಸರು ಚಡ್ಡಿಯಲ್ಲಿ ಹೋಗಬೇಡಿ. ಮನೆಗೆ ಹೋಗುವಾಗ ಹೆಂಗಸರು ತಲೆ ಮೇಲೆ ಸೆರಗು ಹೊದೆಯಬೇಕು ಅಂತ ಯಾರೂ ಬಯಸುವುದಿಲ್ಲ. ಜೊತೆಗೆ ದರ್ಗಾಕ್ಕೂ ಹೋಗುವುದಿದ್ದರೆ ಒಂದು ವೇಲ್ ಇರಲಿ. ಹಣೆಯ ಕುಂಕುಮ, ವಿಭೂತಿ ಒರೆಸಿಕೊಂಡು ಹೋಗುವವರನ್ನು ನೋಡಿದ್ದೇನೆ. ಯಾಕೆ? ಅವರು ಕರೆದದ್ದು ನಿಮ್ಮನ್ನು, ನೀವು ಇರುವ ಹಾಗೆ.

ಒಯ್ಯಲು ಹಣ್ಣು ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಬಂದ ರಂಜಾನ್‌ಗೆ ಕಲ್ಲಂಗಡಿ, ಕರ್ಬೂಜ ಒಯ್ದರೆ ಆ ಸಂಜೆಯೇ ಉಪಯೋಗಕ್ಕೆ ಬರುತ್ತದೆ. ಖರ್ಜೂರವೂ ಸರಿ. ಅಂಗಡಿಯಲ್ಲಿ ಕೇಳುವಾಗ ಗೊತ್ತಿರಲಿ: ಮೆತ್ತಗೆ ಕಪ್ಪಗಿರುವ ಕೀಮಿಯಾ ಇರಾನಿನದು, ಅಜ್ವಾ ಮದೀನಾದ್ದು. ಅಜ್ವಾ ದುಬಾರಿ, ಅವರಿಗೆ ಅದರ ಮೇಲೆ ವಿಶೇಷ ಗೌರವ. ಬೀಜ ತೆಗೆದು ಪ್ಲಾಸ್ಟಿಕ್‌ನಲ್ಲಿ ಒತ್ತಿದ ಖರ್ಜೂರ ಒಯ್ಯಬೇಡಿ.

ದೇವಸ್ಥಾನದ ಪ್ರಸಾದ ಬೇಡ. ದೇವರಿಗೆ ಎಡೆ ಹಿಡಿದದ್ದನ್ನು ತಿನ್ನುವುದು ಅವರ ಧರ್ಮದಲ್ಲಿ ಇಲ್ಲ. ಕೊಟ್ಟರೆ ತಗೊಳ್ಳುತ್ತಾರೆ, ಆಮೇಲೆ ಏನು ಮಾಡುವುದು ಅಂತ ಒದ್ದಾಡುತ್ತಾರೆ. ಹಾಗೇ ಮದ್ಯ ತುಂಬಿದ ಚಾಕೊಲೇಟು, ಅಂಥ ಕೇಕು ಬೇಡ. ದೇವರ ಮೂರ್ತಿ, ಪಟ ಉಡುಗೊರೆಯಾಗಿ ಬೇಡವೇ ಬೇಡ.

5. ಇಫ್ತಾರ್‌ಗೆ ಹೋದಾಗ

ರೋಜಾ ನಮ್ಮ ಸೋಮವಾರದ ಒಪ್ಪತ್ತಿನ ಹಾಗಲ್ಲ. ಹಾಲು, ಬಾಳೆಹಣ್ಣು, ನಡುವೆ ಅವಲಕ್ಕಿ ಏನೂ ಇಲ್ಲ. ಬೆಳಗಿನ ಜಾವ ಸಹರಿ ಊಟ ಮುಗಿಸಿದರೆ ಸೂರ್ಯ ಮುಳುಗುವ ತನಕ ನೀರೂ ಇಲ್ಲ. ದಾವಣಗೆರೆ ಬೇಸಿಗೆ ಗೊತ್ತಲ್ಲ. ಆ ಬಿಸಿಲಲ್ಲಿ ಮಂಡಕ್ಕಿ ಭಟ್ಟಿಯ ಮುಂದೆ ನಿಂತು ಕೆಲಸ ಮಾಡುವವರೂ ರೋಜಾ ಇಡುತ್ತಾರೆ.

ಮಾರ್ಚ್ ಕೊನೆಯಲ್ಲಿ ನಮ್ಮೂರಲ್ಲಿ ಸೂರ್ಯ ಮುಳುಗುವುದು ಸಂಜೆ ಆರೂವರೆ ಆಸುಪಾಸಿಗೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲು ಹೋಗಿ. ಐದು ಗಂಟೆಗೇ ಹೋದರೆ ಅಡುಗೆಮನೆಯವರಿಗೆ ತೊಂದರೆ. ಕೊನೆಯ ಒಂದು ಗಂಟೆ ಅವರಿಗೆ ತಲೆ ನೋವು, ಬಾಯಿ ಒಣಗು, ಜೊತೆಗೆ ಎಣ್ಣೆ ಬಾಣಲೆ ಮುಂದೆ ನಿಲ್ಲುವ ಕೆಲಸ. ಅಂಥ ಹೊತ್ತಲ್ಲಿ ನಿಮ್ಮ ಜೊತೆ ಮಾತಿಗೆ ಕೂರಬೇಕಾಗುತ್ತದೆ. ತಡವಾಗಿ ಹೋದರೆ ಇನ್ನೂ ಕಷ್ಟ. ಆಜಾನ್ ನಿಮಗೋಸ್ಕರ ಕಾಯುವುದಿಲ್ಲ.

ಚಪ್ಪಲಿ ಹೊರಗೆ. “ಸಲಾಂ” ಅಂದರೂ ಆಯಿತು, “ನಮಸ್ಕಾರ” ಅಂದರೂ ಆಯಿತು. ಅವರು “ಅಸ್ಸಲಾಮು ಅಲೈಕುಂ” ಅಂದರೆ “ವ ಅಲೈಕುಂ ಅಸ್ಸಲಾಂ” ಅನ್ನಬಹುದು. ನಾಲಿಗೆ ಹೊರಳದಿದ್ದರೆ ನಗುತ್ತಾ ಎದೆ ಮೇಲೆ ಕೈ ಇಟ್ಟರೂ ಸಾಕು. ಗಂಡಸರು ಆ ಮನೆಯ ಹೆಂಗಸರಿಗೆ ಕೈ ಕುಲುಕಲು ಕೈ ಚಾಚಬೇಡಿ, ಹೆಂಗಸರು ಗಂಡಸರಿಗೂ ಅಷ್ಟೇ. ಅವರೇ ಮೊದಲು ಚಾಚಿದರೆ ಕೊಡಿ. ಗಂಡಸರು ಮುಂದಿನ ಹಾಲ್‌ನಲ್ಲಿ, ಹೆಂಗಸರು ಒಳಗೆ ಕೂರುವ ಮನೆಗಳಿವೆ. ನಮ್ಮ ಯಜಮಾನರು ಮೊದಲ ಸಲ ಒಬ್ಬರೇ ಹೊರಗೆ ಕೂತು ಕಸಿವಿಸಿಪಟ್ಟರು. ಎರಡನೇ ವರ್ಷ ಅಡಿಕೆ ರೇಟಿನ ಮಾತು ಶುರುವಾಗಿ ಎದ್ದು ಬರಲು ಒಲ್ಲೆ ಅಂದರು.

ತಟ್ಟೆಯಲ್ಲಿ ಎಲ್ಲ ಜೋಡಿಸಿ ಇಟ್ಟಿರುತ್ತಾರೆ. ಖರ್ಜೂರ, ಹೆಚ್ಚಿದ ಹಣ್ಣು, ಸಮೋಸಾ, ಕೆಂಪು ರೂಹ್ ಅಫ್ಜಾ ಶರಬತ್ತು. ಆ ಮನೆಯಲ್ಲಿ ಮಿರ್ಚಿಯೂ ಇರುತ್ತದೆ, ದಾವಣಗೆರೆ ಅಲ್ವಾ. ಮುಂದೆ ಇಟ್ಟಿದ್ದಾರೆ ಅಂತ ಕೈ ಹಾಕಬೇಡಿ. ಕೊನೆಯ ಐದು ನಿಮಿಷ ಮನೆ ತಾನಾಗಿಯೇ ಮೌನವಾಗುತ್ತದೆ. ಕೆಲವರು ಕೈ ಎತ್ತಿ ದುವಾ (ಪ್ರಾರ್ಥನೆ) ಕೇಳುತ್ತಿರುತ್ತಾರೆ. ನೀವು ಕೈ ಎತ್ತಬೇಕಿಲ್ಲ, ಸುಮ್ಮನೆ ಕೂತಿರಿ. ಮಸೀದಿಯಿಂದ ಆಜಾನ್ ಕೇಳಿದ ಮೇಲೆ ಅವರು ಖರ್ಜೂರ ಬಾಯಿಗಿಡುತ್ತಾರೆ, ನೀರು ಕುಡಿಯುತ್ತಾರೆ. ಆಮೇಲೆ ನೀವು. ಆ ಮೊದಲ ಗುಟುಕು ನೀರು ಇಳಿಯುವಾಗ ಅವರ ಮುಖ ನೋಡಬೇಕು. ಆಪಾ ಕಣ್ಣು ಮುಚ್ಚಿಕೊಂಡು ಕುಡಿಯುತ್ತಾರೆ.

ಹತ್ತು ನಿಮಿಷದಲ್ಲಿ ಅವರೆಲ್ಲ ಎದ್ದು ಹೋಗುತ್ತಾರೆ. ಗಾಬರಿ ಬೇಡ, ಮಗ್ರಿಬ್ ನಮಾಜ್‌ನ ಹೊತ್ತು. ಗಂಡಸರು ಮಸೀದಿಗೆ ಹೋಗಬಹುದು, ಹೆಂಗಸರು ಮನೆಯಲ್ಲೇ ಜಾನಮಾಜ್ ಹಾಸಿ ಮಾಡುತ್ತಾರೆ. ನಮ್ಮೂರಿಂದ ಮೆಕ್ಕಾದ ಕಾಬಾ ಇರುವುದು ಪಶ್ಚಿಮ ದಿಕ್ಕಿಗೆ, ಹಾಗಾಗಿ ಆ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಅವರ ಮುಂದಿನಿಂದ ಹಾಯಬೇಡಿ. ಇದು ದೊಡ್ಡ ವಿಷಯ. ನಮ್ಮ ಸಣ್ಣ ಮಗಳು ಬಲೂನ್ ಹಿಂದೆ ಓಡಿ ಅಜ್ಜಿಯ ಜಾನಮಾಜ್ ಮೇಲೇ ಹೋಗಿ ಕೂತಿದ್ದಳು. ಅಜ್ಜಿ ನಮಾಜ್ ನಿಲ್ಲಿಸಲಿಲ್ಲ, ಮುಗಿಸಿ ಅವಳನ್ನು ಮಡಿಲಿಗೆ ಹಾಕಿಕೊಂಡರು. ಮಕ್ಕಳಿಗೆ ಮಾಫಿ, ನಮಗಿಲ್ಲ. ಫೋನ್ ಸೈಲೆಂಟ್‌ಗೆ ಹಾಕಿ, ವಿಡಿಯೋ ಬೇಡ.

6. ಕೇಳಬಾರದ್ದು

“ನೀವ್ಯಾಕೆ ರೋಜಾ ಇಲ್ಲ?” ಇದನ್ನು ಯಾರಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ ಕೇಳಬೇಡಿ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿಯರಿಗೆ ವಿನಾಯಿತಿ ಇದೆ. ಮುಟ್ಟಾದವರು ರೋಜಾ ಇಡುವಂತಿಲ್ಲ, ಆ ದಿನಗಳನ್ನು ಮುಂದೆ ಲೆಕ್ಕ ಹಾಕಿ ತೀರಿಸುತ್ತಾರೆ. ಹಾಲ್ ತುಂಬ ಜನ ಇರುವಾಗ ಅದಕ್ಕೆ ಅವಳು ಏನಂತ ಉತ್ತರ ಕೊಡಬೇಕು?

“ನೀರೂ ಕುಡಿಯೋ ಹಂಗಿಲ್ವಾ? ಅಯ್ಯೋ ಪಾಪ.” ಇದೂ ಬೇಡ. ಅವರಿಗೆ ಇದು ಶಿಕ್ಷೆ ಅಲ್ಲ. ವರ್ಷವಿಡೀ ಕಾಯುವ ತಿಂಗಳು.

“ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!” ಹೊಗಳಿಕೆ ಅಂತಲೇ ನಮ್ಮ ಚಿಕ್ಕಮ್ಮ ಹೇಳಿದರು. ಆಪಾ ನಕ್ಕು, “ಮತ್ತೆ ನಾನು ಎಲ್ಲಿ ಹುಟ್ಟಿದ್ದು ಅನ್ಕಂಡ್ರಿ ಅಮ್ಮಾ, ಇಲ್ಲೇ ದಾವಣಗೇರಿ” ಅಂದರು. ನಕ್ಕರು ನಿಜ. ಆದರೆ ಆ ಮಾತನ್ನು ಅವರು ಅದೆಷ್ಟನೇ ಸಲ ಕೇಳಿದ್ದೋ.

ಟಿವಿಯಲ್ಲಿ ಬಂದ ಗಲಾಟೆಗಳ ಬಗ್ಗೆ ಅವರಿಂದ ವಿವರಣೆ ಕೇಳಬೇಡಿ. “ಸಾಬರು” ಅನ್ನುವ ಪದ ನಮ್ಮ ಮನೆಗಳಲ್ಲಿ ಸಲೀಸಾಗಿ ಬರುತ್ತದೆ, ಅಲ್ಲಿ ಬಾಯಿ ಬಿಗಿ ಹಿಡಿಯಿರಿ. ಹಿರಿಯ ಗಂಡಸರಿಗೆ ಚಾಚಾ, ಹೆಂಗಸರಿಗೆ ಚಾಚಿ ಅಥವಾ ಖಾಲಾ, ಅಕ್ಕನ ವಯಸ್ಸಿನವರಿಗೆ ಆಪಾ. ಅಕ್ಕ, ಅಣ್ಣ ಅಂದರೂ ಅಷ್ಟೇ ಚೆಂದ.

ಕುರಾನಿನಲ್ಲಿ ಹೀಗಿದೆಯಂತೆ, ನಮಾಜ್‌ನಲ್ಲಿ ಏನು ಹೇಳುತ್ತಾರೆ ಅಂತ ಕುತೂಹಲದಿಂದ ಕೇಳುವುದು ತಪ್ಪಲ್ಲ. ಊಟ ಆದ ಮೇಲೆ ಕೇಳಿ. ಬಹಳ ಜನ ಖುಷಿಯಿಂದ ಹೇಳುತ್ತಾರೆ.

7. ಹಬ್ಬದ ದಿನ

ಬೆಳಗ್ಗೆ ಹೋಗಬೇಡಿ. ಅವತ್ತು ಮನೆಯವರು ಬೇಗ ಎದ್ದು ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿ, ಖರ್ಜೂರವನ್ನೋ ಬೇರೆ ಸಿಹಿಯನ್ನೋ ತಿಂದು ಈದ್ಗಾಕ್ಕೆ ಹೊರಡುತ್ತಾರೆ. ಅದಕ್ಕೂ ಮೊದಲು ಫಿತ್ರಾ ಕೊಡಬೇಕು, ಮನೆಯ ತಲೆಗಿಷ್ಟು ಅಂತ ಬಡವರ ಪಾಲು. ನಮಾಜ್ ಮುಗಿದ ಮೇಲೆ ಖಬರಸ್ಥಾನಕ್ಕೆ ಹೋಗಿ ತೀರಿಕೊಂಡ ಹಿರಿಯರಿಗೆ ದುವಾ ಕೇಳಿ ಬರುವವರು ಬಹಳ. ಹನ್ನೊಂದರ ಮೇಲೆ ಹೋದರೆ ಎಲ್ಲರೂ ಸಿಗುತ್ತಾರೆ. ಈದ್ಗಾ ರಸ್ತೆಗಳಲ್ಲಿ ಬೆಳಗ್ಗೆ ಕಾರು ನುಗ್ಗಿಸಲು ಹೋಗಬೇಡಿ, ಸಿಕ್ಕಿಕೊಳ್ಳುತ್ತೀರಿ.

“ಈದ್ ಮುಬಾರಕ್” ಅನ್ನಿ. ಅವರು “ಖೈರ್ ಮುಬಾರಕ್” ಅನ್ನುತ್ತಾರೆ. ಗಂಡಸರು ಗಂಡಸರನ್ನು ಮೂರು ಸಲ ಅಪ್ಪಿಕೊಳ್ಳುವುದು ವಾಡಿಕೆ. ಎರಡಕ್ಕೇ ಬಿಟ್ಟು ಹಿಂದೆ ಸರಿದರೆ ಮೂಗು ಮೂಗು ತಾಗುತ್ತದೆ, ನಮ್ಮ ಯಜಮಾನರನ್ನೇ ಕೇಳಿ. ಹಿರಿಯರು ಕೈ ಹಿಂಭಾಗಕ್ಕೆ ಅತ್ತರ್ ಸವರಬಹುದು, ಕೈ ಚಾಚಿ. ಬಟ್ಟೆಗೆ ತಾಗಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ.

ಮಕ್ಕಳಿಗೆ ಈದಿ ಕೊಡಿ. ಹತ್ತಿಪ್ಪತ್ತು ರೂಪಾಯಿಯ ಹೊಸ ನೋಟು ಸಾಕು. ಬ್ಯಾಂಕಿನಲ್ಲಿ ಮೊದಲೇ ತಂದಿಟ್ಟುಕೊಳ್ಳಿ. ಎಲ್ಲ ಮಕ್ಕಳಿಗೂ ಒಂದೇ ಸಮ ಕೊಡಿ, ಅವು ಹಿತ್ತಲಿಗೆ ಹೋಗಿ ಲೆಕ್ಕ ಹಾಕುತ್ತವೆ. ನಿಮ್ಮ ಮಕ್ಕಳಿಗೂ ಅವರು ಕೊಡುತ್ತಾರೆ. “ಬೇಡ ಬೇಡ” ಅಂತ ಕೈ ಹಿಡಿದು ಎಳೆಯಬೇಡಿ, ತಗೊಳ್ಳಲಿ.

8. ದಸ್ತರ್‌ಖಾನ್ ಮುಂದೆ

ನೆಲದ ಮೇಲೆ ಉದ್ದಕ್ಕೆ ಹಾಸುವ ಬಟ್ಟೆಯೇ ದಸ್ತರ್‌ಖಾನ್. ನಮಗೆ ಪಂಕ್ತಿಯ ಎಲೆ ಹೇಗೋ ಅವರಿಗೆ ಅದು ಹಾಗೆ. ತುಳಿಯಬೇಡಿ, ದಾಟಿ ಆ ಕಡೆ ಹೋಗಬೇಡಿ, ಸುತ್ತಿ ಬನ್ನಿ. ಮಂಡಿ ನೋವು ಇದ್ದರೆ ಹೇಳಿ, ಕುರ್ಚಿ ತಂದು ಕೊಡುತ್ತಾರೆ. ಹಳೇ ಮನೆಗಳಲ್ಲಿ ಕೂತಲ್ಲಿಗೇ ಚಿಲಮ್ಚಿ (ಕೈ ತೊಳೆಯುವ ಬೋಗುಣಿ) ತಂದು ಕೈಗೆ ನೀರು ಹಾಕುತ್ತಾರೆ. ಹಿರಿಯರು ಬಿಸ್ಮಿಲ್ಲಾ ಅಂದು ಶುರು ಮಾಡಿದ ಮೇಲೆ ಬಲಗೈಯಲ್ಲಿ ಉಣ್ಣಿ. ಒಂದೇ ದೊಡ್ಡ ತಾಟಿನಲ್ಲಿ ಮೂರು ನಾಲ್ಕು ಜನ ಉಣ್ಣುವ ಮನೆಗಳೂ ಇವೆ. ಅಲ್ಲಿ ನಿಮ್ಮ ಮುಂದಿನ ಭಾಗದಿಂದಷ್ಟೇ ತಗೊಳ್ಳಬೇಕು. ನೆಂಟರಿಗೆ ಸಾಮಾನ್ಯವಾಗಿ ಬೇರೆ ತಟ್ಟೆಯನ್ನೇ ಇಡುತ್ತಾರೆ.

ಬಡಿಸುವ ವಿಷಯದಲ್ಲಿ ಅವರೂ ನಾವೂ ಒಂದೇ. ಸಾಕು ಅಂದರೆ ಇನ್ನೊಂದು ಸೌಟು. ಹಾಗಾಗಿ ಮೊದಲ ಸುತ್ತಿನಲ್ಲಿ ಕಡಿಮೆ ಹಾಕಿಸಿಕೊಳ್ಳಿ. ನಿಜವಾಗಿಯೂ ಸಾಕಾದಾಗ ತಟ್ಟೆ ಮೇಲೆ ಕೈ ಅಡ್ಡ ಹಿಡಿದು “ಬಸ್ ಆಪಾ” ಅನ್ನಿ. ತಟ್ಟೆಯಲ್ಲಿ ಬಿಡಬೇಡಿ.

ಮಾಂಸ ತಿನ್ನುವವರು ಪಕ್ಕದಲ್ಲಿ ಕೂತಿರುತ್ತಾರೆ, ವಾಸನೆ ಇರುತ್ತದೆ, ಮೂಳೆ ಕಾಣುತ್ತದೆ. ಇದನ್ನು ಮನೆಯಿಂದ ಹೊರಡುವಾಗಲೇ ಮನಸ್ಸಿಗೆ ಹೇಳಿಕೊಂಡು ಹೋಗಿ. ಮಕ್ಕಳಿಗೂ ಹೇಳಿ. “ಛೀ” ಅನ್ನುವ ಒಂದು ಸದ್ದಿಗೆ ಹತ್ತು ವರ್ಷದ ನೆರೆಹೊರೆ ಕೆಡುತ್ತದೆ.

9. ಬಕ್ರೀದ್ ಆದರೆ

ರಂಜಾನ್ ಹಬ್ಬ ಆಗಿ ಸುಮಾರು 70 ದಿನಕ್ಕೆ ಬಕ್ರೀದ್. ಖುರ್ಬಾನಿಯ, ಅಂದರೆ ಬಲಿ ಕೊಟ್ಟ ಪ್ರಾಣಿಯ ಮಾಂಸವನ್ನು ಮೂರು ಪಾಲು ಮಾಡಿ ಬಡವರಿಗೆ, ನೆಂಟರು ಸ್ನೇಹಿತರಿಗೆ, ಮನೆಗೆ ಅಂತ ಹಂಚುತ್ತಾರೆ. ಅವತ್ತು ಬೆಳಗ್ಗೆಯಿಂದ ಮನೆ ತುಂಬ ಅದೇ ಕೆಲಸ. ಸಸ್ಯಾಹಾರಿಗಳಿಗೆ ನನ್ನ ಸಲಹೆ ಒಂದೇ. ಹಬ್ಬದ ದಿನ ಫೋನ್ ಮಾಡಿ ಶುಭಾಶಯ ಹೇಳಿ, ಮೂರು ದಿನ ಬಿಟ್ಟು ಚಹಾಕ್ಕೆ ಹೋಗಿ. ಆಪಾ ನಮಗೆ ಹಾಗೇ ಹೇಳುತ್ತಾರೆ: “ನೀವು ಮೂರು ದಿನ ಬಿಟ್ಟು ಬರ್ರಿ, ಮನೆ ತೊಳದಿರ್ತೀನಿ.”

10. ಹೊರಡುವಾಗ, ಮತ್ತು ಡಬ್ಬಿ

ಇಫ್ತಾರ್ ಊಟ ಮುಗಿದರೆ ಬಹಳ ಹೊತ್ತು ಕೂರಬೇಡಿ. ರಾತ್ರಿ ಇಷಾ ನಮಾಜ್, ಅದರ ಬೆನ್ನಿಗೇ ರಂಜಾನ್ ತಿಂಗಳ ವಿಶೇಷ ನಮಾಜ್ ತರಾವೀಹ್ ಇದೆ. ಅದು ಉದ್ದ. ಮತ್ತೆ ಬೆಳಗಿನ ಜಾವ ಸಹರಿಗೆ ಏಳಬೇಕು. ಎಂಟು ಗಂಟೆಯೊಳಗೆ ಹೊರಟರೆ ಅವರಿಗೆ ಅನುಕೂಲ. ಹೊರಡುವಾಗ ಕುಂಕುಮ, ಎಲೆ ಅಡಿಕೆ ಕೊಡಲಿಲ್ಲ ಅಂತ ಅಂದುಕೊಳ್ಳಬೇಡಿ, ಅವರಲ್ಲಿ ಅದಿಲ್ಲ. ಬಾಗಿಲ ತನಕ ಬಂದು “ಖುದಾ ಹಾಫಿಜ್” ಅನ್ನುತ್ತಾರೆ. ನೀವು “ಹೋಗಿ ಬರ್ತೀವಿ” ಅನ್ನಿ.

ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಬರುತ್ತದೆ. ಸುರಕುಂಬ ಇರುತ್ತದೆ, ಗ್ಯಾರಂಟಿ. ಮನೆಗೆ ಬಂದ ಕೂಡಲೇ ಬೇರೆ ಪಾತ್ರೆಗೆ ಹಾಕಿ ಫ್ರಿಜ್‌ನಲ್ಲಿಡಿ, ಬೇಸಿಗೆಯಲ್ಲಿ ಹಾಲಿನ ಪದಾರ್ಥ ಬೇಗ ಕೆಡುತ್ತದೆ. ಶ್ಯಾವಿಗೆ ಹಾಲನ್ನೆಲ್ಲ ಹೀರಿ ಬೆಳಗ್ಗೆ ಗಟ್ಟಿಯಾಗಿರುತ್ತದೆ. ಒಂದು ಲೋಟ ಹಾಲು ಬೆರೆಸಿ ಬಿಸಿ ಮಾಡಿದರೆ ಸರಿಹೋಗುತ್ತದೆ.

ಡಬ್ಬಿ ಖಾಲಿ ಕೊಡಬಾರದು ಅನ್ನುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಡಿ. ನಾನು ಹೋಳಿಗೆ ಮಾಡುವ ತನಕ ಕಾಯುತ್ತೇನೆ. ಒಬ್ಬಟ್ಟು ಬೇಯುವಾಗಲೇ, ಎಡೆ ಹಿಡಿಯುವುದಕ್ಕೆ ಮೊದಲೇ, ಅವರ ಪಾಲಿನ ಎಂಟು ಎತ್ತಿ ಬೇರೆ ಇಡುತ್ತೇನೆ. ಎಡೆ ಆದ ಮೇಲೆ ಕೊಟ್ಟರೆ ಅವರಿಗೆ ಕಷ್ಟ ಅಂತ ಆಗಲೇ ಹೇಳಿದೆನಲ್ಲ. ಮೊದಲೆಲ್ಲ ನಮ್ಮತ್ತೆಗೆ ಇದು ಸರಿ ಕಾಣುತ್ತಿರಲಿಲ್ಲ, ದೇವರಿಗಿಂತ ಮುಂಚೆ ತೆಗೆಯೋದಾ ಅಂತ. ಈಗ ಅವರೇ ಒಲೆ ಮುಂದೆ ಬಂದು, “ಆ ಹುಡುಗುಂದು ತೆಗದಿಟ್ಯಾ?” ಅಂತ ಕೇಳುತ್ತಾರೆ. ದೋಸೆ ತರಲು ಹೋದ ಹುಡುಗ. ಈಗ ಅವನಿಗೇ ಒಂದು ಮಗು ಇದೆ.